ಕೂಡಿಸುವವನ ಕುರ್ಚಿ

"ಎರಡರಾಗ ಯಾವುದು ಅಂತ ನೀವ ಹೇಳ್ರಿ ಮಾನಪ್ಪನವರ. ನೀವು ಹೇಳಿದ್ದ ಆಖೈರು," ಎಂದ ಮಾಲೀಕ ಶ್ರೀಶೈಲ.

ಇಂಡಿ ಪಟ್ಟಣದ ಆ ಆಫೀಸಿನಲ್ಲಿ ತಯಾರಾಗುವುದು ಸಕ್ಕರೆ ಕಾರ್ಖಾನೆಗಳ ಸಾಫ್ಟ್‌ವೇರ್. ಕಬ್ಬು ಕಡಿಯುವ ಸರದಿಯಿಂದ ಹಿಡಿದು ಗೇಟಿನಲ್ಲಿ ಕೊಡುವ ತೂಕದ ಚೀಟಿಯವರೆಗೆ ಎಲ್ಲವೂ ಅದರಲ್ಲೇ. ಹತ್ತು-ಹದಿನೈದು ಮಂದಿ ದಿನವಿಡೀ ಬರೆದ ಕೋಡನ್ನು ಸಂಜೆ ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಮಾನಪ್ಪನ ಟೇಬಲ್ಲಿಗೆ ಬರುವುದು ಮೊದಲಿನಿಂದ ನಡೆದುಬಂದ ರೂಢಿ. ಪಕ್ಕದ ಕುರ್ಚಿಯಲ್ಲಿ ಕೂತು, ಏನು ಬದಲಿಸಿದೆ, ಯಾಕೆ ಬದಲಿಸಿದೆ ಎಂದು ಒಬ್ಬೊಬ್ಬರೂ ಒಪ್ಪಿಸಬೇಕು. ಮಾನಪ್ಪ ಕೇಳಿಸಿಕೊಂಡು, ಬೈದು, ತಿದ್ದಿ, ಎಲ್ಲರದನ್ನೂ ಒಂದಾಗಿ ಕೂಡಿಸುತ್ತಿದ್ದ. ನಡುವೆ ಚಹಾ, ಮನೆಯ ಸುದ್ದಿ, ಒಂದಿಷ್ಟು ಚೇಷ್ಟೆ. ಹೆಂಡತಿ ತೀರಿಕೊಂಡ ಮೇಲಂತೂ ಅವನು ಬದುಕಿದ್ದದ್ದೇ ಆ ಹೊತ್ತಿಗಾಗಿ.

ಹೋದ ತಿಂಗಳು ಮಾನಪ್ಪನ ಕೈ ತಪ್ಪಿತು. ಹುಡುಗರಲ್ಲೊಬ್ಬನಾದ ಕಲ್ಮೇಶ ತಿದ್ದಿ ತಂದ ಫೈಲಿನ ಬದಲು ಹಳೆಯದನ್ನೇ ಸೇರಿಸಿಬಿಟ್ಟ. ಒಂದು ಕಾರ್ಖಾನೆಯ ಗೇಟಿನಲ್ಲಿ ತೂಕದ ಚೀಟಿ ಬರದೆ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಯುದ್ದಕ್ಕೂ ನಿಂತವು. ರೈತರು ಫೋನಿನಲ್ಲೇ ಶ್ರೀಶೈಲನ ಬೆವರಿಳಿಸಿದರು. ಇನ್ನು ಈ ಕೈಗೆಲಸ ಸಾಕು, ಯಾರು ಏನು ಬದಲಿಸಿದರೆಂದು ಕಂಪ್ಯೂಟರೇ ಲೆಕ್ಕ ಇಡುವ ವರ್ಷನ್ ಕಂಟ್ರೋಲ್ ತರೋಣ ಎಂದು ಅವನು ಹಟ ಹಿಡಿದ. ಯಾವುದನ್ನು ತರಬೇಕೆಂದು ಪರೀಕ್ಷಿಸುವ ಕೆಲಸವನ್ನು ಮಾನಪ್ಪನಿಗೇ ಒಪ್ಪಿಸಿದ, ಜೊತೆಗೆ ಸಾಲೋಟಗಿಯಿಂದ ಕೆಲಸಕ್ಕೆ ಬರುವ ಹುಡುಗಿ ಮೆಹನಾಜಳನ್ನು ಕೊಟ್ಟ.

ಒಂದು, ಗಿಟ್. ಎಲ್ಲರ ಕೆಲಸವನ್ನೂ ತಾನೇ ಕೂಡಿಸುತ್ತದೆ. ಇನ್ನೊಂದು ಹಳೆಯ ಕಾಲದ್ದು. ಅದರಲ್ಲಿ ಒಬ್ಬರು ಫೈಲು ತೆಗೆದುಕೊಂಡರೆ ಅದಕ್ಕೆ ಬೀಗ ಬೀಳುತ್ತದೆ, ಉಳಿದವರು ಕಾಯಬೇಕು. ಮಾನಪ್ಪ ತಾನು ಎಡವಿದ ಆ ದಿನದ ಕೆಲಸವನ್ನೇ ಗಿಟ್‌ಗೆ ಕೊಟ್ಟು ನೋಡಿದ್ದ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಕೂಡಿಸಿಟ್ಟಿತು. ಕಲ್ಮೇಶನ ಒಂದು ಸಾಲೂ ಕಳೆದಿರಲಿಲ್ಲ. ಇನ್ನು ಯಾರೂ ಮಾನಪ್ಪನ ಪಕ್ಕ ಬಂದು ಕೂರಬೇಕಾಗಿರಲಿಲ್ಲ. ಪಕ್ಕದಲ್ಲೇ ಕೂತಿದ್ದ ಮೆಹನಾಜ ಅದನ್ನೂ ನೋಡಿದ್ದಳು, ಅವನ ಮುಖವನ್ನೂ ನೋಡಿದ್ದಳು.

"ಬೀಗದ್ದ ಚಲೋರಿ," ಎಂದ ಮಾನಪ್ಪ ಈಗ. "ಗಿಟ್ ನಮ್ಮ ಹುಡುಗರಿಗೆ ಒಗ್ಗೂದಿಲ್ಲ. ಎಲ್ಲಾ ಕಲಸಿಬಿಡ್ತಾವು. ಬೀಗದ್ದಾದ್ರ ಮ್ಯಾಲೆ ಒಬ್ರು ಕುಂತು ನೋಡ್ಕೋಬಹುದು."

ಆ ಒಬ್ಬರು ಯಾರೆಂದು ಹೇಳಬೇಕಾಗಿರಲಿಲ್ಲ. ಶ್ರೀಶೈಲ ಮೆಹನಾಜಳ ಕಡೆ ತಿರುಗಿದ. "ನೀನೂ ಎರಡೂ ನೋಡೀಯಲ್ಲ, ಖರೇ ಏನವಾ?"

ಅವಳು ತಲೆ ತಗ್ಗಿಸಿದಳು. ಕೆಲಸದ ಗಂಧವೇ ಇಲ್ಲದೆ ಬಂದವಳನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು ಅಕ್ಷರ ಅಕ್ಷರ ಕಲಿಸಿದವನು ಮಾನಪ್ಪ. ಇವಳೊಂದು ಮಾತು ಆಡಿದರೆ ಅವನು ಕೆಲಸ ಬಿಟ್ಟು ಮನೆಗೆ.

"ಸರ್ ಹೇಳಿದ್ದ ಖರೇ ಐತ್ರಿ," ಎಂದಳು.

ಮೆಟ್ಟಿಲ ಬಳಿ ಮಾನಪ್ಪ ಅವಳನ್ನು ತಡೆದ. "ದೊಡ್ಡ ಉಪಕಾರ ಮಾಡಿದಿ ಯವ್ವಾ."

"ಉಪಕಾರ ಅನಬ್ಯಾಡ್ರಿ ಸರ್. ಕೆಲಸದಾಗ ಸುಳ್ಳು ಹೇಳಬಾರದು ಅಂತ ನೀವ ಕಲಿಸಿದ್ರಿ," ಎಂದು ಅವಳು ಬಸ್ಸು ಹಿಡಿಯಲು ಮೆಟ್ಟಿಲಿಳಿದು ಹೋದಳು.

ಬೀಗದ ವ್ಯವಸ್ಥೆ ಬಂತು. ಕೆಲಸ ಮುಗಿದ ಮೇಲೆ ಬೀಗ ತೆಗೆಯುವ ಪಾಸ್‌ವರ್ಡ್ ಮಾನಪ್ಪನೊಬ್ಬನದೇ. ಕುರ್ಚಿ ಉಳಿಯಿತು. ಆದರೆ ಒಂದನ್ನು ಅವನು ಯೋಚಿಸಿರಲೇ ಇಲ್ಲ. ಒಂದು ಫೈಲು ಒಬ್ಬರ ಕೈಯಲ್ಲೇ ಇರುವಾಗ ಕೂಡಿಸುವುದಕ್ಕೆ ಏನಿರುತ್ತದೆ? ಯಾರೂ ಪೆನ್‌ಡ್ರೈವ್ ತರಲಿಲ್ಲ, ಯಾರೂ ಕೂರಲಿಲ್ಲ. ಬಾಗಿಲಲ್ಲೇ ನಿಂತು ಫೈಲಿನ ಹೆಸರು ಕೂಗುತ್ತಿದ್ದರು, ಇವನು ಗುಂಡಿ ಒತ್ತುತ್ತಿದ್ದ. ಒಬ್ಬರಿಗಾಗಿ ಇನ್ನೊಬ್ಬರು ಕಾದು ಕಾದು ಕೆಲಸವೆಲ್ಲ ಹಿಂದೆ ಬಿತ್ತು. ಹುಡುಗರು ಗೊಣಗುವುದು ಅವನಿಗೆ ಕೇಳಿಸುತ್ತಿತ್ತು. ನಾಚಿಕೆಯಾಗುತ್ತಿತ್ತು. ಹೋಗಿ ಖರೇ ಹೇಳಿಬಿಡಲೆ ಎಂದುಕೊಳ್ಳುತ್ತಿದ್ದ, ಹೇಳುತ್ತಿರಲಿಲ್ಲ.

ಒಂದು ಸಂಜೆ ಮೆಹನಾಜ ಒಳಗೆ ಬಂದಳು. ಮಾನಪ್ಪನಿಗೆ ಜೀವ ಬಂದಂತಾಯಿತು. ಎದ್ದು, ಪಕ್ಕದ ಕುರ್ಚಿಯ ಮೇಲಿನ ಧೂಳನ್ನು ಕೈಯಿಂದಲೇ ಒರೆಸಿದ.

"ಬಾರವಾ, ಕೂಡ್ರು. ಏನೇನು ಬದಲಿ ಮಾಡಿದಿ, ಹೇಳು."

ಅವಳು ಕೂರಲಿಲ್ಲ.

"ಅದು ಈಗ ನಿಮಗ ಬೇಕಾಗೂದಿಲ್ರಿ ಸರ್," ಎಂದಳು. "ಬೀಗ ಅಷ್ಟ ತಗೀರಿ."