ಖಾಲಿಯಾದ ಮೂರು

ರೊವೆನಾಳ ಬೆರಳು ಮೂರನೆಯ ಮೆಮೊರಿ ಕಾರ್ಡಿನ ಕೊಂಡಿಯ ಮೇಲಿತ್ತು. ಕೆಟ್ಟ ಕಾರ್ಡಿನ ಕೆಲಸವನ್ನು ಉಳಿದವಕ್ಕೆ ಸಾಗಿಸಿ ಖಾಲಿ ಮಾಡಿಯಾಗಿದೆ; ಇನ್ನು ಅದನ್ನು ಸರ್ವರ್ ನಿಲ್ಲಿಸದೆಯೇ ತೆಗೆಯಬೇಕು. ಸೆಬು ನಗರದ ಈ ಆಸ್ಪತ್ರೆಯ ಹಸುಗೂಸುಗಳ ಉಸಿರಿನ ಮೇಲೆ ಕಣ್ಣಿಟ್ಟಿರುವುದು ಆ ಸರ್ವರೇ. ಒಳಗೆ ಕೆಲಸ ಉಳಿದಿರುವ ಕಾರ್ಡನ್ನು ಎಳೆದರೆ ಆ ಕಣ್ಣು ಮುಚ್ಚುತ್ತದೆ.

"'ಕಾರ್ಡ್ ಮೂರು ಖಾಲಿ' ಅಂತ ಪರದೆ ಮೇಲೇ ಬಂದಿದೆಯಲ್ಲ, ಎಳಿ ಇಂದಾಯ್, ಎಳಿ ಹುಡುಗಿ," ಹಿರಿಯ ತಂತ್ರಜ್ಞ ತೆರೊಯ್ ರೇಗಿಸಿದ. "ಪಾದ್ರಿ ಬಂದು ನೀರು ಚಿಮುಕಿಸಬೇಕಾ?"

ಅವನಿಗೆ ಎದುರಾಡಿ ಅವಳಿಗೆ ಗೊತ್ತಿಲ್ಲ. ಪರದೆಯನ್ನು ಇನ್ನೊಮ್ಮೆ ಮೇಲಿನಿಂದ ಓದಿದಳು: ಸೊನ್ನೆ, ಒಂದು, ಎರಡು, ಮೂರು.

"ನೊಂಗ್, ಅಣ್ಣಾ, ಇದು ಸೊನ್ನೆಯಿಂದ ಎಣಿಸುತ್ತೆ. ಖಾಲಿಯಾಗಿರೋದು ನಾಲ್ಕನೇದು!"

ತೆರೊಯ್ ಪರದೆಯತ್ತ ಬಾಗಿದ. ಅವಳು ಬೆರಳನ್ನು ಪಕ್ಕದ ಕೊಂಡಿಗೆ ಸರಿಸಿ, ಅವನ ಅಪ್ಪಣೆಗೆ ಕಾಯದೆ ಎಳೆದಳು. ಸರ್ವರಿನ ಗುಂಯ್‌ಗುಡುವಿಕೆ ನಿಲ್ಲಲಿಲ್ಲ. ಅವಳ ಬೆನ್ನ ಹಿಂದೆ ತೆರೊಯ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದ.