ಇಬ್ಬರ ತರಗತಿಯ ಚುನಾವಣೆ

ರಾಷ್ಟ್ರಗಳ ಹಣೆಬರಹವೇ ತೀರ್ಮಾನವಾಗುವಷ್ಟು ಗಾಂಭೀರ್ಯದಿಂದ ಆ ಸಂಜೆ ತರಗತಿ ಪ್ರತಿನಿಧಿಯ ಚುನಾವಣೆ ನಡೆಯಿತು. ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಎರಡನ್ನೂ ಒಟ್ಟಿಗೆ ಓದುತ್ತಿದ್ದವರು ಇಬ್ಬರೇ: ಪುಢಾರಿ ಎಂದು ಅಡ್ಡಹೆಸರು ಬಿದ್ದಿದ್ದ ಅವನು, ಮತ್ತು ಅಲ್ಲಿ ಅವನಿಗಿದ್ದ ಒಬ್ಬಳೇ ಗೆಳತಿ. ಅಭ್ಯರ್ಥಿಗಳೂ ಅವರೇ, ಮತದಾರರೂ ಅವರೇ.

“ಮಾತು ಮಾತೇ ತಾನೆ? ನಾನು ನಿಂಗೆ, ನೀನು ನಂಗೆ,” ಅಂದಳು ಅವಳು, ಚೀಟಿ ಮಡಿಸುತ್ತಾ. ಅಂಗೈಯಿಂದ ಮರೆಮಾಡಿಕೊಂಡು ಬರೆದಿದ್ದಳು. ಅದೇಕೆ ಮರೆ? ಸ್ವಾರ್ಥವಿಲ್ಲದ ಮನುಷ್ಯನಿಲ್ಲ ಎಂದು ಬೆಳಿಗ್ಗೆಯ ಪಾಠ. ಒಪ್ಪಂದ ನಂಬಿದವನು ಕೆಟ್ಟ ಎಂದು ಮಧ್ಯಾಹ್ನದ ಪಾಠ. ಎರಡು ಶಾಸ್ತ್ರಗಳೂ ಒಂದೇ ಮಾತು ಹೇಳಿದರೆ ಸುಳ್ಳಾದೀತೆ? “ಮಾತು ಮಾತೇ ಕಣೆ,” ಅನ್ನುತ್ತಲೇ ಅವನು ತನ್ನ ಹೆಸರನ್ನೇ ಬರೆದ.

ಮೇಷ್ಟ್ರು ಚೀಟಿಗಳನ್ನು ಬಿಚ್ಚಿ, ಒಮ್ಮೆ ಅವನ ಮುಖ ನೋಡಿ, ಫಲಿತಾಂಶ ಓದಿದರು. ಎರಡು ಮತಗಳೂ ಅವನಿಗೇ ಬಿದ್ದಿದ್ದವು.