ಹಿಡಿಯೊಳಗಿನ ಹುಡುಗಿ

"ಹಾಳಾಗಿದೆ ಅಂತ ಮೂಗು ಮುರೀಬೇಡ ಡೆಲ್, ಇದರೊಳಗೆ ನಮ್ಮಮ್ಮ ಇದ್ದಾಳೆ," ಎನ್ನುತ್ತಾ ಲೊರೀನ್ ಟವೆಲಿನಲ್ಲಿ ಸುತ್ತಿ ತಂದಿದ್ದ ಪಿಸ್ತೂಲನ್ನು ಡೆಲ್ಬರ್ಟ್‌ನ ರಿಪೇರಿ ಮೇಜಿನ ಮೇಲಿಟ್ಟಳು.

ಡೆಲ್ಬರ್ಟ್ ಒಳಗೆ ಗುಂಡಿಲ್ಲವೆಂದು ಎರಡೆರಡು ಸಲ ನೋಡಿಕೊಂಡ. ಆಮೇಲೆ ಕನ್ನಡಕ ಏರಿಸಿದ. ಎರಡನೇ ಮಹಾಯುದ್ಧದ ಸೇನಾ ಪಿಸ್ತೂಲು, ನಳಿಕೆಯ ಬಾಯಿಗೆ ತುಕ್ಕು, ಮೈತುಂಬ ಗೀರು. ಅಮೆರಿಕದ ಓಹಾಯೊ ರಾಜ್ಯದ ಬೇರೆ ಸಂಗ್ರಾಹಕರು ಇಂಥದ್ದನ್ನು ಕೈಯಿಂದಲೂ ಮುಟ್ಟುವುದಿಲ್ಲ. ಡೆಲ್ಬರ್ಟ್‌ನಿಗೆ ಇಂಥವೇ ಪ್ರಾಣ. ಗೀರಿಲ್ಲದ ಪಿಸ್ತೂಲು ಯುದ್ಧವನ್ನೇ ನೋಡಿಲ್ಲ ಎನ್ನುವುದು ಅವನ ವಾದ; ಆ ವಾದದಲ್ಲಿ ಅವನನ್ನು ಗೆದ್ದವರು ಈವರೆಗೆ ಯಾರೂ ಇಲ್ಲ.

ಇದರ ಹಿಡಿಗೆ ಕಾರ್ಖಾನೆಯ ಕಂದು ಪಟ್ಟಿಗಳಿರಲಿಲ್ಲ. ಬದಲಿಗೆ, ಕೆಳಗೆ ಬಿದ್ದ ವಿಮಾನವೊಂದರ ಕಿಟಕಿಯಿಂದ ಕತ್ತರಿಸಿದ ಪ್ಲಾಸ್ಟಿಕ್ ತುಂಡುಗಳಿದ್ದವು. ಆಗಿನ ಸೈನಿಕರು ಹಾಗೆ ಪಾರದರ್ಶಕ ಪಟ್ಟಿ ಮಾಡಿಕೊಂಡು, ಅದರಡಿ ತಮ್ಮ ಹುಡುಗಿಯ ಫೋಟೊ ಅಂಟಿಸಿ, ಸೊಂಟಕ್ಕೆ ಕಟ್ಟಿಕೊಂಡು ಓಡಾಡುತ್ತಿದ್ದರು. ಈಗ ಪ್ಲಾಸ್ಟಿಕ್ ಹಳದಿಗಟ್ಟಿ, ಮಬ್ಬಾಗಿ, ಒಳಗೆ ಯಾರದೋ ನೆರಳು ಮಾತ್ರ ಉಳಿದಿತ್ತು.

"ಮನೆಗೆ ಬೆಂಕಿ ಬಿದ್ದಾಗ ಆಲ್ಬಮ್ಮೆಲ್ಲ ಬೂದಿಯಾಯ್ತಲ್ಲ," ಎಂದಳು ಲೊರೀನ್. "ಅಮ್ಮನ ಚಿಕ್ಕ ವಯಸ್ಸಿನ ಫೋಟೊ ಅಂತ ಉಳಿದಿರೋದು ಇದೊಂದೇ. ನಾಳೆ ಅವಳಿಗೆ ತೊಂಬತ್ತೊಂಬತ್ತು. ಚರ್ಚ್ ಹಾಲಲ್ಲಿ ಊರೆಲ್ಲ ಸೇರುತ್ತೆ. ಕೇಕ್ ಕತ್ತರಿಸೋ ಮುಂಚೆ ಈ ಫೋಟೊನ ಅವಳ ಕೈಗಿಡಬೇಕು."

"ಅವಳು ನೋಡೇ ಇಲ್ವಾ?"

"ಪಿಸ್ತೂಲು ಅಂದ್ರೆ ಅವಳಿಗೆ ಆಗಲ್ಲ. ಅಪ್ಪನೂ ಟ್ರಂಕಿನಿಂದ ಆಚೆ ತೆಗೀತಿರ್ಲಿಲ್ಲ. 'ಯುದ್ಧ ಮುಗಿಯೋವರೆಗೂ ನಿನ್ನನ್ನ ಸೊಂಟದಲ್ಲೇ ಇಟ್ಕೊಂಡಿದ್ದೆ' ಅಂತ ಅಪ್ಪ ಹೇಳಿದ್ದನ್ನ ಅಮ್ಮ ಈಗ್ಲೂ ದಿನಕ್ಕೆರಡು ಸಲ ಹೇಳ್ತಾಳೆ. ಮುಖ ಕಾಣೋ ಹಾಗೆ ಮಾಡಕ್ಕಾಗುತ್ತಾ ಹೇಳು. ಬಡಾಯಿ ಬೇಡ."

"ಏಳನೇ ಕ್ಲಾಸಲ್ಲಿ ನಿನ್ನ ಸೈಕಲ್ ರಿಪೇರಿ ಮಾಡಿದ್ದು ಯಾರು ಮಾರಾಯ್ತಿ?"

"ಬ್ರೇಕ್ ಹಿಡೀದೆ ಹಳ್ಳಕ್ಕೆ ಬಿದ್ದೆ."

"ಬೆಲ್ ಹೊಡೀತಿತ್ತು ತಾನೆ? ಕಾಫಿ ಬಗ್ಗಿಸ್ಕೊಂಡು ಕೂತ್ಕೋ. ಎರಡು ಗಂಟೆ."

ಗೋಡೆಯ ಮೇಲೆ ಅವನೇ ಬರೆದು ತೂಗುಹಾಕಿದ ಬೋರ್ಡಿತ್ತು: 'ಹಳತಕ್ಕೆ ಜೀವ ಕೊಡಲಾಗುವುದು. ಹೊಸತಕ್ಕೆ ವಯಸ್ಸು ಹಚ್ಚಲಾಗುವುದಿಲ್ಲ.' ಕಳೆದ ವರ್ಷ ವ್ಯಾಪಾರಿಯೊಬ್ಬ ಹೊಸ ಹಿಡಿಯೊಂದನ್ನು ತಂದು, ಒರಟಾಗಿ ಉಜ್ಜಿ ಕಂದು ಬೂಟ್ ಪಾಲಿಷ್ ತಿಕ್ಕಿ ಯುದ್ಧಕಾಲದ್ದೆನ್ನುವಂತೆ ಮಾಡಿಕೊಡು ಎಂದು ಕಣ್ಣು ಹೊಡೆದಿದ್ದ. ಡೆಲ್ಬರ್ಟ್ ಅವನನ್ನು ಬೀದಿಯವರೆಗೂ ಅಟ್ಟಿಕೊಂಡು ಹೋಗಿದ್ದ. ಆತ ಬಿಟ್ಟು ಓಡಿದ ಪಾಲಿಷ್ ಡಬ್ಬಿ ಬಾಗಿಲ ಪಕ್ಕದ ಹಲಗೆಯ ಮೇಲೆ ಇನ್ನೂ ಇತ್ತು. ಬಂದವರಿಗೆಲ್ಲ ಅದನ್ನು ತೋರಿಸಿ ಆ ಕಥೆ ಹೇಳುವುದು ಅವನಿಗೆ ಬಲು ಇಷ್ಟ.

ಸ್ಕ್ರೂ ಬಿಚ್ಚಿ ನೋಡಿದರೆ ಫೋಟೊ ಪ್ಲಾಸ್ಟಿಕ್ಕಿಗೆ ಕಚ್ಚಿಕೊಂಡಿತ್ತು. ಎಳೆದರೆ ಮುಖವೇ ಕಿತ್ತುಬರುವ ಹಾಗೆ. ಹೆದರುವ ಆಸಾಮಿ ಅವನಲ್ಲ. ನುಣುಪು ಎಮರಿ ಕಾಗದವನ್ನು ನೀರಲ್ಲಿ ಅದ್ದಿ ಹೊರಗಿನಿಂದಲೇ ಉಜ್ಜತೊಡಗಿದ. ಹಳದಿ ಪದರ ಹಾಲಿನಂತೆ ಕರಗಿ ಇಳಿಯಿತು. ಮೊದಲು ಟೋಪಿಯ ಅಂಚು, ಆಮೇಲೆ ಒಂದು ಕಣ್ಣು. ಕೊನೆಗೆ ಮೆತ್ತನೆ ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು, ತನ್ನ ಕೆಲಸಕ್ಕೆ ತಾನೇ ತಲೆದೂಗಿದ.

"ಬಾ, ನಿಮ್ಮಮ್ಮನ್ನ ನೋಡು. ಸಿನಿಮಾದವಳ ಹಾಗಿದ್ದಾಳೆ!"

ಲೊರೀನ್ ಓಡಿಬಂದು ನೋಡಿದಳು. ಎಂಬತ್ತು ವರ್ಷಗಳ ಆಚೆಯಿಂದ ಹುಡುಗಿಯೊಬ್ಬಳು ಬಾಯ್ತುಂಬ ನಗುತ್ತಿದ್ದಳು. ಮುಂದಿನ ಎರಡು ಹಲ್ಲುಗಳ ನಡುವೆ ಅಗಲವಾದ ಸಂದು. ಲೊರೀನ್ ನಗಲಿಲ್ಲ, ಅಳಲೂ ಇಲ್ಲ. ನಿಧಾನಕ್ಕೆ ಸ್ಟೂಲಿನ ಮೇಲೆ ಕುಳಿತಳು.

"ಡೆಲ್, ಇದು ಅಮ್ಮ ಅಲ್ಲ."

"ಏನಂದೆ?"

"ಈ ಹಲ್ಲು ನೋಡು. ಚಿಕ್ಕಮ್ಮ, ಅಯೋನಾ. ಅಮ್ಮನ ಒಡಹುಟ್ಟಿದ ತಂಗಿ." ಅವಳ ದನಿ ಕುಗ್ಗಿತು. "ಮದ್ವೇನೇ ಆಗ್ಲಿಲ್ಲ ಪುಣ್ಯಾತ್ಗಿತ್ತಿ. ಪ್ರತಿ ಭಾನುವಾರ ನಮ್ಮನೆಗೆ ಸೇಬಿನ ಪೈ ಮಾಡ್ಕೊಂಡು ಬರ್ತಿದ್ದಳು. ನಾಳೆ ಅಮ್ಮನ ಪಕ್ಕದ ಕುರ್ಚೀಲಿ ಕೂರೋದು ಅವಳೇ."

ಡೆಲ್ಬರ್ಟ್ ಕೈಯಲ್ಲಿದ್ದ ಬಟ್ಟೆಯನ್ನು ಮೇಜಿನ ಮೇಲೆ ಹಾಕಿದ. ಇಷ್ಟು ಚೆನ್ನಾಗಿ ಉಜ್ಜಬಾರದಿತ್ತು ಎಂದು ಅವನಿಗೆ ನಿಜಕ್ಕೂ ಅನ್ನಿಸಿತು.

"ತಂದುಕೊಡ್ತೀನಿ ಅಂತ ಅಮ್ಮನಿಗೆ ಹೇಳಿಬಿಟ್ಟಿದೀನಿ," ಎಂದಳು ಲೊರೀನ್. "ಬೆಳಿಗ್ಗೆಯಿಂದ ಕೂದಲಿಗೆ ಸುರುಳಿ ಹಾಕಿಸ್ಕೊಂಡು ಕಾಯ್ತಿದಾಳೆ." ತಲೆಯೆತ್ತಿದಳು. "ಇದನ್ನ ಮತ್ತೆ ಮೊದಲಿನ ಹಾಗೇ ಮಾಡಕ್ಕಾಗುತ್ತಾ ಡೆಲ್? ಒಳಗೆ ಯಾರೋ ಇದಾರೆ ಅಂತಷ್ಟೇ ಗೊತ್ತಾಗೋ ಹಾಗೆ?"

ಡೆಲ್ಬರ್ಟ್ ಎದ್ದ. ಗೋಡೆಯ ಮೇಲಿನ ಬೋರ್ಡನ್ನು ಹಿಂದುಮುಂದಾಗಿ ತಿರುಗಿಸಿ ತೂಗುಹಾಕಿದ. ಆಮೇಲೆ ಬಾಗಿಲ ಪಕ್ಕದ ಹಲಗೆಯಿಂದ ಬೂಟ್ ಪಾಲಿಷ್ ಡಬ್ಬಿ ತೆಗೆದುಕೊಂಡು, ಮುಚ್ಚಳ ತಿರುವುತ್ತಾ ಹೇಳಿದ:

"ಅರ್ಧ ಗಂಟೆ ಸಾಕು."